ಗೊರಕೆಗೊಂದು ಬಾಗಿಲು, ದವಡೆಗೊಂದು ಬಾಗಿಲು

ನಮ್ಮ ಸಂಘದ ಹಾಸ್ಯ ಸಂಜೆಗಳಲ್ಲಿ ಗೊರಕೆಯ ಪ್ರಹಸನವಿಲ್ಲದೆ ಮುಗಿದದ್ದು ನಮ್ಮ ನೆನಪಿನಲ್ಲಿಲ್ಲ. ಗಂಡನ ಪಾತ್ರಧಾರಿ ಚಾಪೆ ಹಾಸಿ ಮಲಗುತ್ತಾನೆ. ಯಾರೋ ಮೈಕನ್ನು ಅವನ ಮೂಗಿನ ಬಳಿಗೆ ಒಯ್ಯುತ್ತಾರೆ. ಮೊದಲು ಗರಗಸದ ಸದ್ದು, ಆಮೇಲೆ ಘಟ್ಟ ಹತ್ತುವ ಲಾರಿಯ ಸದ್ದು, ಕೊನೆಗೆ ರೈಲಿನ ಸಿಳ್ಳು. ಇದ್ದಕ್ಕಿದ್ದಂತೆ ಎಲ್ಲವೂ ಸ್ತಬ್ಧ. ಹೆಂಡತಿಯ ಪಾತ್ರಧಾರಿಣಿ ಆಕಾಶಕ್ಕೆ ಕೈಮುಗಿದು "ಸದ್ಯ, ನಿಂತಿತಲ್ಲ!" ಎನ್ನುತ್ತಾಳೆ. ಅಷ್ಟರಲ್ಲಿ ಗಂಡ ಹೌಹಾರಿ, ನೀರಿನಲ್ಲಿ ಮುಳುಗಿ ಮೇಲೆ ಬಂದವನಂತೆ ಉಸಿರು ಎಳೆದುಕೊಂಡು, ಮತ್ತೆ ಗರಗಸ ಹಿಡಿಯುತ್ತಾನೆ. ಸಭಾಂಗಣವೆಲ್ಲ ನಗೆಯಲ್ಲಿ ತೇಲುತ್ತದೆ.

ನಾವೂ ನಕ್ಕವರೇ. ಮುಂದಿನ ಸಾಲಿನಲ್ಲಿ ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕವರು. ಈಗ ನಗಲಾರೆವು. ಆ ಪ್ರಹಸನದಲ್ಲಿ ಹೆಂಡತಿ ಕೈಮುಗಿದ ಗಳಿಗೆ ಇದೆಯಲ್ಲ, ಅದು ನಿದ್ರೆಯ ನೆಮ್ಮದಿಯ ಗಳಿಗೆಯಲ್ಲ. ಉಸಿರು ನಿಂತ ಗಳಿಗೆ. ನಟನು ತಿಳಿಯದೆಯೇ ಒಂದು ರೋಗವನ್ನು ಚಾಚೂ ತಪ್ಪದೆ ಅಭಿನಯಿಸಿ ತೋರಿಸಿದ. ನಾವು ಚಪ್ಪಾಳೆ ತಟ್ಟಿದೆವು.

ವಾಚಕರು ಮೊದಲಿಗೇ ಒಂದು ಮಾತನ್ನು ಗಮನಿಸಬೇಕು. ನಾವು ವೈದ್ಯರಲ್ಲ. ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಧಾರವಾಡದಲ್ಲಿ ಬಿ.ಎಸ್ಸಿ. ಓದಿದ್ದರ ಫಲವಾಗಿ ಯಾವ ಮಾತಿಗೆ ಎಷ್ಟು ಆಧಾರವಿದೆಯೆಂದು ಕೇಳುವ ಚಟ ಮಾತ್ರ ಉಳಿದಿದೆ. ಆದರೆ ಗುಮಾಸ್ತನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಂದೇ ಪ್ರಕರಣಕ್ಕೆ ಎರಡು ವಿಭಾಗಗಳಲ್ಲಿ ಎರಡು ಫೈಲು ತೆರೆದರೆ ಆ ಪ್ರಕರಣ ಎಂದಿಗೂ ಇತ್ಯರ್ಥವಾಗುವುದಿಲ್ಲ. ದವಡೆಗೀಲಿನ ಬೇನೆ ಮತ್ತು ನಿದ್ರೆಯಲ್ಲಿ ಉಸಿರು ನಿಲ್ಲುವ ಬೇನೆ, ಇವೆರಡರ ವಿಷಯದಲ್ಲಿ ನಮ್ಮ ದೇಶದಲ್ಲಿ ಆಗುತ್ತಿರುವುದು ಇದೇ. ಒಂದಕ್ಕೆ ದಂತವೈದ್ಯರ ಬಾಗಿಲು, ಇನ್ನೊಂದಕ್ಕೆ ಶ್ವಾಸಕೋಶದ ವೈದ್ಯರ ಬಾಗಿಲು. ನಡುವೆ ಗೋಡೆ. ಗೋಡೆಯ ಈಚೆಗೂ ಆಚೆಗೂ ಅಲೆಯುವವನು ರೋಗಿ. ಇದನ್ನು ಖಂಡಿಸುವುದಕ್ಕಾಗಿಯೇ ಈ ಲೇಖನ.

ನಾಲ್ಕು ಚೀಟಿಗಳ ಕಥೆ

ನಮ್ಮ ಪ್ರಕರಣ ಕಿವಿನೋವಿನಿಂದ ಆರಂಭವಾಯಿತು. ಬೆಳಿಗ್ಗೆ ಎದ್ದ ಕೂಡಲೆ ಬಲಗಿವಿಯ ಮುಂದೆ ಹಿಂಡಿದಂತೆ ನೋವು, ನೆತ್ತಿಯ ಎರಡೂ ಬದಿಗೆ ಭಾರ. ಕಟಿರೊಟ್ಟಿ ಮುರಿದು ಬಾಯಿಗೆ ಇಟ್ಟರೆ ರೊಟ್ಟಿಗಿಂತ ಮೊದಲು ದವಡೆಯೇ 'ಕಟ್' ಎನ್ನುತ್ತಿತ್ತು. ಕಿವಿಯ ವೈದ್ಯರು ದೀಪ ಹಿಡಿದು ನೋಡಿ, ಕಿವಿ ಸರಿಯಾಗಿದೆ, ಹಲ್ಲಿನವರಲ್ಲಿಗೆ ಹೋಗಿ ಎಂದರು. ಇದು ಮೊದಲನೆಯ ಚೀಟಿ. ಹಲ್ಲಿನವರು ನಮ್ಮ ಹಲ್ಲುಗಳು ಸವೆದಿರುವುದನ್ನು ತೋರಿಸಿ, ರಾತ್ರಿ ಹಲ್ಲು ಕಡಿಯುತ್ತೀರಿ, ದವಡೆಗೀಲು ದಣಿದಿದೆ ಎಂದು ಹೇಳಿ, ಮೇಲಿನ ಹಲ್ಲುಗಳ ಮೇಲೆ ಕೂರುವ ಒಂದು ಪ್ಲಾಸ್ಟಿಕ್ ಕವಚವನ್ನು ಅಳತೆ ತೆಗೆದು ಮಾಡಿಸಿಕೊಟ್ಟರು. ಅದಕ್ಕೆ ನೈಟ್ ಗಾರ್ಡ್ ಎಂದು ಹೆಸರು. ಇದು ಎರಡನೆಯ ಚೀಟಿ. ನಿದ್ರೆ ಹೇಗೆ ಬರುತ್ತದೆ, ಗೊರಕೆ ಉಂಟೆ ಎಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ. ಹಲ್ಲಿನ ವೈದ್ಯರ ಮುಂದೆ ಗೊರಕೆಯ ಪುರಾಣವೇಕೆಂದು ಸುಮ್ಮನಿದ್ದೆವು.

ದವಡೆಯ ನೋವು ಅಷ್ಟಿಷ್ಟು ಇಳಿಯಿತು. ಆದರೆ ಗೊರಕೆ ಏರಿತು. ನಮ್ಮ ಮನೆಯವರು ಮಗಳನ್ನು ಕರೆದುಕೊಂಡು ಹೊರಗಿನ ಕೋಣೆಗೆ ಹಾಸಿಗೆ ಸಾಗಿಸಿದರು. ಕಚೇರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಲೆಡ್ಜರಿನ ಮೇಲೆ ತಲೆ ವಾಲತೊಡಗಿತು. ಪಕ್ಕದ ಮೇಜಿನ ಮರಾಠಿ ಮಿತ್ರರು "ಕಾಯ್ ರಾವ್, ಝೋಪಲಾತ್ ಕಾ?" ಎಂದು ಪೆನ್ನಿನಿಂದ ತಿವಿಯುವುದು ದಿನದ ಪದ್ಧತಿಯಾಯಿತು. ರಕ್ತದ ಒತ್ತಡ ಏರಿದೆಯೆಂದು ಇನ್ನೊಬ್ಬ ವೈದ್ಯರು ಗುಳಿಗೆ ಬರೆದರು. ಇದು ಮೂರನೆಯ ಚೀಟಿ. ಒಂದು ಸಂಜೆ ಕರ್ವೆ ರಸ್ತೆಯಲ್ಲಿ, ನಳ ಸ್ಟಾಪಿನ ಹತ್ತಿರ, ಸ್ಕೂಟರಿನ ಮೇಲೆ ಕುಳಿತಂತೆಯೇ ನಮ್ಮ ಕಣ್ಣು ಮುಚ್ಚಿತು. ಮುಂದಿದ್ದ ಟೆಂಪೋದ ಹಿಂಬದಿಗೆ ಹೋಗಿ ಬಡಿದೆವು. ಮೊಣಕಾಲಿಗೆ ಆರು ಹೊಲಿಗೆ, ನಾಲ್ಕನೆಯ ಚೀಟಿ. ಅಪಘಾತದ ಕಾರಣವೆಂದು ಅದರಲ್ಲಿ ಬರೆದದ್ದು 'ಅಜಾಗರೂಕತೆ'.

ನಾಲ್ಕು ಚೀಟಿ, ನಾಲ್ಕು ಕೈಬರಹ. ನಾಲ್ಕನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದವರು ಒಬ್ಬ ವೈದ್ಯರೂ ಅಲ್ಲ. ಇಟ್ಟು ನೋಡಿದವರು ನಮ್ಮ ಮನೆಯವರು. ರಕ್ತದೊತ್ತಡದ ವೈದ್ಯರಲ್ಲಿಗೆ ಅವರೂ ಜೊತೆಗೆ ಬಂದರು. ನಾವು ಎಷ್ಟು ಕಣ್ಸನ್ನೆ ಮಾಡಿದರೂ ಕೇಳದೆ ನೇರವಾಗಿ ಹೇಳಿಬಿಟ್ಟರು: "ಡಾಕ್ಟರ್ ಸಾಹೇಬ್ರ, ಇವ್ರು ರಾತ್ರಿ ಉಸರ ಹಿಡಿತಾರ್ರಿ. ನಾ ಎಣಿಸೇನ್ರಿ, ಇಪ್ಪತ್ತರ ಮಟ ಎಣಿಸಿದ್ರೂ ಉಸರ ಬರೂದಿಲ್ಲ. ಹಲ್ಲಿಂದ ಅದೇನೋ ಹಾಕ್ಕೊಂಡ ಮ್ಯಾಲಂತೂ ಭಾಳ ಆಗೇತಿ."

ವೈದ್ಯರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಮುಂದೆ ಒಂದು ರಾತ್ರಿ ನಿದ್ರೆಯ ಪರೀಕ್ಷೆಯಾಯಿತು. ತಲೆಗೆ, ಎದೆಗೆ, ಬೆರಳಿಗೆ, ಗದ್ದಕ್ಕೆ ಸಹ ತಂತಿ ಅಂಟಿಸಿ ಮಲಗಿಸಿದರು. ಫಲಿತಾಂಶ: ಗಂಟೆಗೆ ಸರಾಸರಿ 34 ಸಲ ಉಸಿರಿನ ಅಡಚಣೆ. 10 ಸೆಕೆಂಡು ಅಥವಾ ಹೆಚ್ಚು ಕಾಲ ಉಸಿರು ನಿಂತರೆ ಇಲ್ಲವೆ ತೀರ ಕುಂದಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನಾವು ತೀವ್ರದ ಪಟ್ಟಿಯಲ್ಲಿದ್ದೆವು. ರೋಗದ ಹೆಸರು ಸ್ಲೀಪ್ ಆಪ್ನಿಯಾ.

ಒಂದೇ ಮನೆಯ ಎರಡು ಕೋಣೆ

ದವಡೆಗೂ ಉಸಿರಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುವವರುಂಟು. ನಾವೂ ಕೇಳಿದ್ದೆವು. ಎರಡು ತೋರುಬೆರಳುಗಳನ್ನು ಕಿವಿಗಳ ಮುಂದೆ ಒತ್ತಿಟ್ಟು ಬಾಯಿ ತೆರೆದು ಮುಚ್ಚಿ ನೋಡಿರಿ. ಬೆರಳಿನ ಕೆಳಗೆ ಹೊರಳುವುದೇ ದವಡೆಗೀಲು. ಅದು ಬಾಗಿಲ ತಿರುಗಣಿಯಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಹಿಂದಕ್ಕೂ ಜಾರುತ್ತದೆ. ನಡುವೆ ತೆಳುವಾದ ಒಂದು ಬಿಲ್ಲೆ ಇದೆ; ಅದು ತನ್ನ ಜಾಗ ಬಿಟ್ಟು ಜಾರಿದಾಗ 'ಕಟ್' ಎಂಬ ಸದ್ದು ಬರುತ್ತದೆ.

ಇನ್ನು ನಾಲಿಗೆ. ನಾಲಿಗೆಯ ಮುಖ್ಯ ಸ್ನಾಯು ಹುಟ್ಟುವುದು ಗದ್ದದ ಎಲುಬಿನ ಒಳಮೈಯಿಂದ. ಆದ್ದರಿಂದ ಕೆಳದವಡೆ ಎಲ್ಲಿಗೋ ನಾಲಿಗೆಯೂ ಅಲ್ಲಿಗೆ. ಎತ್ತು ಹಿಂದೆ ಸರಿದರೆ ಬಂಡಿಯೂ ಹಿಂದೆ ಸರಿಯುವಂತೆ, ದವಡೆ ಹಿಂದಕ್ಕೆ ಬಿದ್ದರೆ ನಾಲಿಗೆ ಗಂಟಲಿಗೆ ಬೀಳುತ್ತದೆ. ನಾಲಿಗೆಯ ಹಿಂದಿನ ಗಂಟಲ ಕೊಳವೆಗೆ ಸುತ್ತಲೂ ಎಲುಬಿನ ಆಧಾರವಿಲ್ಲ, ಮೆತ್ತನೆಯ ಮಾಂಸದ ಗೋಡೆಗಳು ಮಾತ್ರ. ಎಚ್ಚರದಲ್ಲಿ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಂಡಾಗ, ಜಾಗ ಮೊದಲೇ ಕಿರಿದಾಗಿದ್ದರೆ, ಕೊಳವೆ ಕುಸಿದು ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ನಿದ್ರೆ, ಮತ್ತೆ ಕುಸಿತ. ಮಲಗಿದವನಿಗೆ ಬೆಳಿಗ್ಗೆ ಇದಾವುದರ ನೆನಪೂ ಇರುವುದಿಲ್ಲ. ಲೆಕ್ಕವೆಲ್ಲ ಹೃದಯದ ಖಾತೆಗೆ, ರಕ್ತನಾಳದ ಖಾತೆಗೆ ಖರ್ಚು ಬೀಳುತ್ತದೆ.

ಇದೇನೂ ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. 1874ರಲ್ಲಿಯೇ ನಾರ್ವೆಯ ಹೈಬೆರ್ಗ್ ಎಂಬ ವೈದ್ಯರು, ಕ್ಲೋರೋಫಾರ್ಮ್ ಕೊಟ್ಟ ರೋಗಿಗೆ ಉಸಿರು ಕಟ್ಟಿದರೆ ಕೆಳದವಡೆಯನ್ನು ಹಿಂದಿನಿಂದ ಹಿಡಿದು ಮುಂದಕ್ಕೆ ಎತ್ತಬೇಕೆಂದು ಬರೆದರು. ಇಂದಿಗೂ ಪ್ರಜ್ಞೆ ತಪ್ಪಿಸುವ ವೈದ್ಯರೆಲ್ಲ ಮಾಡುವುದು ಅದನ್ನೇ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ದವಡೆಗೂ ಉಸಿರಿಗೂ ಸಂಬಂಧವಿದೆ. ಅದೇ ಮನುಷ್ಯ ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿದರೆ ಸಂಬಂಧವಿಲ್ಲವೆ? ಇದು ಯಾವ ನ್ಯಾಯ?

ಕೀಲು ಕೂಡಿಕೊಂಡ ಹುಡುಗ

ಸಂಬಂಧದ ಅತ್ಯಂತ ಕ್ರೂರವಾದ ಪುರಾವೆ ನಮ್ಮ ನಾಡಿನ ಮಕ್ಕಳ ಮುಖದ ಮೇಲೆಯೇ ಇದೆ. ನಾವು ವಿಜಾಪುರ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಓದುವಾಗ ನಮ್ಮ ಓಣಿಯ ಒಬ್ಬ ಹುಡುಗ ಗುಡಿಯ ಕಟ್ಟೆಯಿಂದ ಗದ್ದ ಊರಿ ಬಿದ್ದ. ಗದ್ದದ ಗಾಯಕ್ಕೆ ಅರಿಸಿನ ಮೆತ್ತಿದರು, ಗಾಯ ಮಾಯಿತು. ಕೀಲಿನ ಪೆಟ್ಟನ್ನು ಯಾರೂ ನೋಡಲಿಲ್ಲ. ವರ್ಷ ಕಳೆದಂತೆ ಅವನ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ಬೆರಳೂ ತೂರದಂತಾಯಿತು. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಲ್ಲಿನ ಸಂದಿಯಿಂದ ಹೀರುತ್ತಿದ್ದ. ಮೇಲಿನ ಮುಖ ಬೆಳೆಯಿತು, ಗದ್ದ ಬೆಳೆಯಲಿಲ್ಲ. ನಾವೆಲ್ಲ ಅವನಿಗೆ 'ಗಿಣಿ' ಎಂದು ಹೆಸರಿಟ್ಟೆವು. ರಾತ್ರಿ ಅವನು ಗೋಡೆಗೆ ಒರಗಿ ಕುಳಿತೇ ಮಲಗುತ್ತಾನೆಂದು ಅವನ ತಾಯಿ ಹೇಳುತ್ತಿದ್ದರು. ತರಗತಿಯಲ್ಲಿ ತೂಕಡಿಸಿದ್ದಕ್ಕೆ ಮಾಸ್ತರರ ಏಟು ತಿಂದ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ. ಆಗಲೂ ನಾವು ನಕ್ಕಿದ್ದೆವು.

ಆ ರೋಗಕ್ಕೆ ಆಂಕಿಲೋಸಿಸ್ ಎನ್ನುತ್ತಾರೆ. ಕೀಲಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುವುದು. ಗದ್ದಕ್ಕೆ ಬಿದ್ದ ಪೆಟ್ಟು, ಬಾಲ್ಯದ ಕಿವಿಸೋರುವಿಕೆ ಇದಕ್ಕೆ ಮುಖ್ಯ ಕಾರಣಗಳು. ನಮ್ಮಂಥ ದೇಶಗಳಲ್ಲಿ ಇದು ಹೆಚ್ಚು, ಏಕೆಂದರೆ ಪೆಟ್ಟು ಬಿದ್ದ ಮಗುವಿನ ಬಾಯನ್ನು ನಾವು ತೆರೆಸಿ ನೋಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ಕೀಲು ಕೂಡಿಕೊಂಡರೆ ದವಡೆ ಬೆಳೆಯದು; ದವಡೆ ಬೆಳೆಯದಿದ್ದರೆ ನಾಲಿಗೆಗೆ ಜಾಗವಿಲ್ಲ; ನಾಲಿಗೆಗೆ ಜಾಗವಿಲ್ಲದಿದ್ದರೆ ನಿದ್ರೆಯಲ್ಲಿ ಉಸಿರಿಲ್ಲ. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಕಾರಣ ಮತ್ತು ಪರಿಣಾಮ ಕೈಕೈ ಹಿಡಿದು ನಿಂತಿವೆ.

ದಿಲ್ಲಿ, ಮುಂಬಯಿಗಳ ಶಸ್ತ್ರವೈದ್ಯರು ಇಂಥ ಮಕ್ಕಳ ಬಗ್ಗೆ ಮತ್ತೆ ಮತ್ತೆ ಬರೆದಿದ್ದಾರೆ. ಅವರಲ್ಲಿ ಹಲವರು ಹೇಳುವ ಮಾತು ಮುಖ್ಯವಾದದ್ದು. ಉಸಿರು ನಿಲ್ಲುವ ಬೇನೆಯೂ ಇದ್ದರೆ ಕೀಲನ್ನು ಬಿಡಿಸಿ ಬಾಯಿ ತೆರೆಸುವುದಷ್ಟೇ ಸಾಲದು. ಮೊದಲು ದವಡೆಯನ್ನು ಉದ್ದಗೊಳಿಸಬೇಕು. ಎಲುಬನ್ನು ಕೊಯ್ದು, ತಿರುಪಿನ ಸಾಧನ ಕೂಡಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆದು ಹೊಸ ಎಲುಬು ಬೆಳೆಸುವುದು ಈ ವಿಧಾನ. ರಶಿಯದ ಇಲಿಜಾರೋವ್ ಕಾಲಿನ ಎಲುಬಿಗೆ ಮಾಡಿ ತೋರಿಸಿದ್ದನ್ನು ನ್ಯೂಯಾರ್ಕಿನ ಮೆಕಾರ್ಥಿ ಮಕ್ಕಳ ದವಡೆಗೆ ಅಳವಡಿಸಿ 1992ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯವರಿಗೆ ದೂರವೇನಲ್ಲ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಲ್ಲಿ ಮುಖ ಮತ್ತು ತಲೆಬುರುಡೆಯ ಶಸ್ತ್ರಚಿಕಿತ್ಸೆಗೆಂದೇ ಕೇಂದ್ರವಿದೆ. ಗೊತ್ತಿದ್ದವರಿಗೆ ದಾರಿ ಇದೆ. ನಮ್ಮ ಓಣಿಗೆ ಗೊತ್ತಿರಲಿಲ್ಲ.

ಉಸಿರಿನಿಂದ ಕೀಲಿಗೆ

ಇನ್ನು ವಯಸ್ಕರ ಮಾತು. ಇಲ್ಲಿ ವಿಜ್ಞಾನ ಅಷ್ಟು ಗಟ್ಟಿಯಾಗಿ ಮಾತನಾಡುವುದಿಲ್ಲ, ನಾವೂ ಅದನ್ನು ಮೀರಿ ಮಾತನಾಡಬಾರದು. ಆದರೂ ಹೇಳಿರುವಷ್ಟನ್ನು ಕಿವಿಗೊಟ್ಟು ಕೇಳಬೇಕು.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ದವಡೆ ನೋವಿನ 53 ರೋಗಿಗಳನ್ನು ನಿದ್ರೆಯ ಪರೀಕ್ಷೆಗೆ ಒಳಪಡಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಶೇಕಡ 28ರಷ್ಟು ಜನರಿಗೆ ಸ್ಲೀಪ್ ಆಪ್ನಿಯಾ ಇತ್ತು. ದವಡೆ ನೋವೆಂದು ಬಂದವರು. ಉಸಿರಿನ ಮಾತು ಎತ್ತಿದವರಲ್ಲ. ಅದಕ್ಕಿಂತ ತೂಕದ್ದು ಒಪ್ಪೆರಾ ಎಂಬ ದೊಡ್ಡ ಅಧ್ಯಯನ. ದವಡೆ ನೋವೇ ಇಲ್ಲದ, 18ರಿಂದ 44 ವಯಸ್ಸಿನ 2,604 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೊಸದಾಗಿ ದವಡೆಗೀಲಿನ ಬೇನೆ ಬರುತ್ತದೆಂದು ನೋಡಿದರು. ಜೋರು ಗೊರಕೆ, ಹಗಲು ತೂಕಡಿಕೆ, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ರಕ್ತದೊತ್ತಡ, ಇವುಗಳಲ್ಲಿ ಎರಡಾದರೂ ಇದ್ದವರಿಗೆ ದವಡೆಗೀಲಿನ ಬೇನೆ ಬರುವ ಪ್ರಮಾಣ ಉಳಿದವರಿಗಿಂತ ಸುಮಾರು ಒಂದೂ ಮುಕ್ಕಾಲು ಪಟ್ಟು ಎಂದು 2013ರಲ್ಲಿ ಪ್ರಕಟವಾಯಿತು. ಗಮನಿಸಿರಿ: ಉಸಿರಿನ ಲಕ್ಷಣ ಮೊದಲು, ದವಡೆಯ ನೋವು ಆಮೇಲೆ.

ಏಕೆ ಹೀಗೆ? ಉಸಿರು ಕಟ್ಟಿ ಮೆದುಳು ಬೆಚ್ಚಿದಾಗ ಅಗಿಯುವ ಸ್ನಾಯುಗಳೂ ಬಿಗಿಯುತ್ತವೆ ಎಂಬುದು ಒಂದು ವಿವರಣೆ. ತುಂಡು ತುಂಡಾದ ನಿದ್ರೆ ನೋವನ್ನು ತಾಳುವ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂಬುದು ಇನ್ನೊಂದು. ಎಲ್ಲ ಹಲ್ಲುಕಡಿತಕ್ಕೂ ಉಸಿರುಗಟ್ಟುವುದೇ ಕಾರಣವಲ್ಲ. ಎಲ್ಲ ದವಡೆ ನೋವಿನವರಿಗೂ ಆಪ್ನಿಯಾ ಇಲ್ಲ. ಜೊತೆಗೆ ಬಂದವರೆಲ್ಲ ಬೀಗರಲ್ಲ ಎಂಬ ವಿವೇಕ ಇರಬೇಕು. ಆದರೆ ಇಬ್ಬರು ಪದೇ ಪದೇ ಜೊತೆಗೆ ಬರುತ್ತಿದ್ದರೆ, ನಿಮಗೇನು ನಂಟು ಎಂದು ಒಂದು ಮಾತು ಕೇಳುವುದು ಬೇಡವೆ? ನಮ್ಮ ಜಗಳ ಇಷ್ಟಕ್ಕೇ. ಉತ್ತರ ಗೊತ್ತಿಲ್ಲದ್ದು ದೋಷವಲ್ಲ. ಪ್ರಶ್ನೆ ಕೇಳದಿರುವುದು ದೋಷ.

ಮದ್ದೇ ಮುಳ್ಳಾದರೆ?

ಕೇಳದಿದ್ದರೆ ಏನು ನಷ್ಟ ಎನ್ನುವವರಿಗೆ 2004ರಲ್ಲಿ ಕೆನಡಾದ ಮಾಂಟ್ರಿಯಲಿನಿಂದ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ಉತ್ತರ ಹೇಳುತ್ತದೆ. ಸ್ಲೀಪ್ ಆಪ್ನಿಯಾ ಇರುವ 10 ಜನರಿಗೆ ನೈಟ್ ಗಾರ್ಡ್ ಹಾಕಿಸಿ ಮಲಗಿಸಿದಾಗ 5 ಜನರಲ್ಲಿ ಉಸಿರಿನ ಅಡಚಣೆ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಹತ್ತೇ ಜನ, ನಿಜ. ಇದರಿಂದ ಜಗತ್ತಿಗೆಲ್ಲ ಕಾನೂನು ಮಾಡಲಾಗದು. ಆದರೆ ನಮ್ಮ ಮನೆಯವರು ಹೊರಕೋಣೆಯಲ್ಲಿ ಕುಳಿತು ಎಣಿಸಿದ್ದೂ ಇದನ್ನೇ. ಕವಚವು ಬಾಯನ್ನು ತುಸು ತೆರೆಸುತ್ತದೆ; ಬಾಯಿ ತೆರೆದಂತೆ ದವಡೆ ತಿರುಗಿ ಹಿಂದಕ್ಕೆ ಹೋಗುತ್ತದೆ; ನಾಲಿಗೆಯೂ ಹಿಂಬಾಲಿಸುತ್ತದೆ. ನೈಟ್ ಗಾರ್ಡ್ ಕೆಟ್ಟದ್ದಲ್ಲ. ಕೇಳದೆ ಕೊಟ್ಟ ನೈಟ್ ಗಾರ್ಡ್ ಕೆಟ್ಟದ್ದು.

ಗೋಡೆಯ ಆಚೆಗೂ ಇದೇ ಹಾಡು. ಗೊರಕೆಗೆ, ಸೌಮ್ಯ ಮತ್ತು ಮಧ್ಯಮ ಆಪ್ನಿಯಾಕ್ಕೆ, ಕೆಳದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಸಾಧನವನ್ನು ಕೊಡುತ್ತಾರೆ. ಒಳ್ಳೆಯ ಸಾಧನ. ಅನೇಕರಿಗೆ ಅದರಿಂದ ಬದುಕು ಮರಳಿದೆ. ಆದರೆ ರಾತ್ರಿಯಿಡೀ ಕೀಲನ್ನು ಮುಂದಕ್ಕೆ ಎಳೆದಿಟ್ಟರೆ ಬೆಳಿಗ್ಗೆ ಕೆಲವರಿಗೆ ದವಡೆ ನೋಯುತ್ತದೆ. ಬಹುಪಾಲು ಇದು ಕ್ರಮೇಣ ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ಹಲ್ಲುಗಳ ಕಚ್ಚುವಿಕೆಯೂ ಬದಲಾಗಬಹುದು. ಕೀಲು ಮೊದಲೇ ಕೆಟ್ಟವನಿಗೆ ಕೊಡುವ ಮುನ್ನ ಬಾಯಿ ಎಷ್ಟು ತೆರೆಯುತ್ತದೆ, ಸದ್ದು ಬರುತ್ತದೆಯೆ ಎಂದು ನೋಡಬೇಡವೆ? ನಮ್ಮ ನಿದ್ರೆಯ ಪರೀಕ್ಷೆಯಲ್ಲಿ ಗದ್ದಕ್ಕೆ ತಂತಿ ಅಂಟಿಸಿದ್ದರಲ್ಲ, ವರದಿಯ ಹಾಳೆಗಳಲ್ಲಿ ದವಡೆಯ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ.

ಮೂರನೆಯ ಪಂಗಡದವರೂ ಇದ್ದಾರೆ, ಅವರಿಂದಲೂ ಎಚ್ಚರವಿರಬೇಕು. ದವಡೆಯ ಕಚ್ಚುವಿಕೆ ಸರಿಪಡಿಸಿದರೆ ಗೊರಕೆ, ಆಪ್ನಿಯಾ, ತಲೆನೋವು, ಬೆನ್ನುನೋವು ಎಲ್ಲವೂ ಮಾಯ ಎಂದು ಜಾಹೀರಾತು ಕೊಡುವವರು. ಸಂಬಂಧವಿದೆ ಎಂಬ ಅರ್ಧ ಸತ್ಯವನ್ನು ಹಿಡಿದು ಇಡೀ ಅಂಗಡಿ ತೆರೆದವರು ಇವರು. ದವಡೆಗೀಲಿನ ಬೇನೆಗೆ ಮೊದಲು ಹಿಂದಕ್ಕೆ ಪಡೆಯಬಹುದಾದ ಉಪಚಾರಗಳನ್ನೇ ಮಾಡಬೇಕು. ಹಲ್ಲು ಉಜ್ಜಿ ಸವೆಸುವಂಥ, ಮರಳಿ ಬಾರದ ಉಪಾಯಗಳಿಗೆ ಅವಸರಪಡಬಾರದು ಎಂಬುದು ಬಲ್ಲವರ ಮಾತು. ಬಾಗಿಲ ನಡುವಿನ ಗೋಡೆ ಕೆಡವಿರಿ ಎಂದು ನಾವು ಕೇಳುತ್ತಿದ್ದೇವೆಯೇ ಹೊರತು, ಗೋಡೆಗೆ ಕನ್ನ ಕೊರೆಯುವವರಿಗೆ ದಾರಿ ಮಾಡಿಕೊಡಿ ಎಂದಲ್ಲ.

ಆಕ್ಷೇಪಗಳಿಗೆ ಉತ್ತರ

"ಗೊರಕೆ ಗಾಢನಿದ್ರೆಯ ಗುರುತು, ನಮ್ಮ ಅಜ್ಜಂದಿರೂ ಹೊಡೆಯುತ್ತಿದ್ದರು" ಎಂಬುದು ಮೊದಲನೆಯ ಆಕ್ಷೇಪ. ಎಲ್ಲ ಗೊರಕೆಯೂ ರೋಗವಲ್ಲ, ಒಪ್ಪಿದೆವು. ಆದರೆ ನಗುವಿನ ಇತಿಹಾಸ ಕೇಳಿರಿ. ನಾವು ಕುಂಭಕರ್ಣನೆಂದು ನಕ್ಕರೆ, ಇಂಗ್ಲಿಷರು 1836-37ರಲ್ಲಿ ಡಿಕನ್ಸ್ ಬರೆದ ಪಿಕ್‌ವಿಕ್ ಕಾದಂಬರಿಯ, ನಿಂತಲ್ಲೇ ನಿದ್ದೆ ಹೋಗುವ ದಪ್ಪ ಹುಡುಗ ಜೋನನ್ನು ನೋಡಿ ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ಹಗಲು ನಿದ್ರೆ, ಕುಂದಿದ ಉಸಿರಾಟ ಇವು ಕೂಡಿಬಂದ ರೋಗಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಸ್ಲೀಪ್ ಆಪ್ನಿಯಾ ಎಂಬ ಹೆಸರು ರೂಢಿಗೆ ಬಂದದ್ದು 1976ರಿಂದ ಈಚೆಗೆ. ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸೀಪ್ಯಾಪ್ ಯಂತ್ರವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಲೋಕಕ್ಕೆ ತಿಳಿಸಿದ್ದು 1981ರಲ್ಲಿ. ಅಜ್ಜಂದಿರ ಕಾಲದಲ್ಲಿ ಹೆಸರೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ನಿದ್ರೆಯಲ್ಲೇ ಪುಣ್ಯದ ಸಾವು ಬಂತು ಎಂದು ನಾವು ಹೇಳಿದ ಅಜ್ಜಂದಿರೆಷ್ಟು ಜನ? ಅವರೆಲ್ಲರ ಉಸಿರನ್ನು ಯಾರಾದರೂ ಎಣಿಸಿದ್ದರೆ?

"ಇದು ದಪ್ಪಗಿರುವವರ ರೋಗ, ನಮಗೇಕೆ?" ಎಂಬುದು ಎರಡನೆಯದು. ಬೊಜ್ಜು ದೊಡ್ಡ ಕಾರಣ, ನಿಜ. ಆದರೆ ದವಡೆ ಚಿಕ್ಕದಿದ್ದರೆ, ಹಿಂದೆ ಸರಿದಿದ್ದರೆ, ತೆಳ್ಳಗಿನವನಿಗೂ ತಪ್ಪಿದ್ದಲ್ಲ. ನಮ್ಮ ಓಣಿಯ ಆ ಹುಡುಗ ಕಡ್ಡಿಯಂತಿದ್ದ. ಇದು ಅಪರೂಪದ ರೋಗವೂ ಅಲ್ಲ. ಮುಂಬಯಿಯಲ್ಲಿ 35ರಿಂದ 65 ವಯಸ್ಸಿನ 658 ಗಂಡಸರನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ಪ್ರಕಟವಾದ ಅಧ್ಯಯನವು, ನಿದ್ರೆಯಲ್ಲಿ ಉಸಿರಿನ ಅಡಚಣೆ ಶೇಕಡ 19.5 ಮಂದಿಗೆ, ಹಗಲು ತೂಕಡಿಕೆಯೂ ಕೂಡಿದ ಪೂರ್ಣ ರೋಗ ಶೇಕಡ 7.5 ಮಂದಿಗೆ ಇದೆಯೆಂದು ಅಂದಾಜು ಮಾಡಿತು. ದೇಶದಲ್ಲಿ ಇಂಥವರು ಸುಮಾರು 10.4 ಕೋಟಿ ಎಂದು ದಿಲ್ಲಿಯ ಏಮ್ಸ್ ತಜ್ಞರು 2023ರಲ್ಲಿ ಲೆಕ್ಕ ಹಾಕಿದರು. ನಮ್ಮ ಸಂಘದ ಸಭೆಗೆ ನೂರು ಜನ ಗಂಡಸರು ಬಂದರೆ, ಮುಂಬಯಿಯ ಲೆಕ್ಕದಲ್ಲಿ ಏಳೆಂಟು ಜನ ರೋಗಿಗಳೇ. ಪ್ರಹಸನ ನೋಡಿ ಅವರೂ ನಗುತ್ತಿರುತ್ತಾರೆ.

"ವೈದ್ಯರಿಗೆ ಸಮಯವೆಲ್ಲಿ?" ಎಂಬುದು ಮೂರನೆಯದು. ನಮ್ಮ ಪ್ರಕರಣದಲ್ಲಿ ಏನಾಯಿತೆಂದು ಹೇಳಿಬಿಡುತ್ತೇವೆ. ನಿದ್ರೆಯ ವೈದ್ಯರು ಹಲ್ಲಿನ ವೈದ್ಯರಿಗೆ ಫೋನು ಮಾಡಿದರು. ಇಬ್ಬರೂ ಮಾತನಾಡಿದ್ದು ಐದು ನಿಮಿಷ. ನೈಟ್ ಗಾರ್ಡ್ ಪಕ್ಕಕ್ಕಿಡಬೇಕು, ಮೊದಲು ಸೀಪ್ಯಾಪ್, ಆಮೇಲೆ ಕೀಲಿನ ವಿಚಾರ ಎಂದು ತೀರ್ಮಾನವಾಯಿತು. ಮೂರು ವರ್ಷ ಅಲೆದಾಡಿದ ಪ್ರಕರಣಕ್ಕೆ ಐದು ನಿಮಿಷ! ಎಲ್ಲ ನೋವೂ ಮಾಯವಾಯಿತೆಂದು ನಾವು ಸುಳ್ಳು ಹೇಳುವುದಿಲ್ಲ. ರೊಟ್ಟಿ ತಿನ್ನುವಾಗ ದವಡೆ ಈಗಲೂ 'ಕಟ್' ಎನ್ನುತ್ತದೆ. ಆದರೆ ಬೆಳಗಿನ ತಲೆಭಾರ ಹೋಗಿದೆ, ಮೂರು ಗಂಟೆಗೆ ಪೆನ್ನಿನ ತಿವಿತ ಬೇಕಾಗಿಲ್ಲ, ನಮ್ಮ ಮನೆಯವರ ಹಾಸಿಗೆ ಒಳಕೋಣೆಗೆ ಮರಳಿದೆ.

ನಮ್ಮ ಬೇಡಿಕೆ

ದಂತವೈದ್ಯರಿಗೆ: ನೈಟ್ ಗಾರ್ಡಿನ ಅಳತೆ ತೆಗೆಯುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಗೊರಕೆ ಹೊಡೆಯುತ್ತೀರಾ? ನಿದ್ರೆಯಲ್ಲಿ ಉಸಿರು ನಿಂತದ್ದನ್ನು ಮನೆಯವರು ನೋಡಿದ್ದಾರೆಯೆ? ಹಗಲು ತೂಕಡಿಕೆ ಇದೆಯೆ? ಹೌದೆಂದರೆ ನಿದ್ರೆಯ ಪರೀಕ್ಷೆಗೆ ಕಳಿಸಿರಿ.

ನಿದ್ರೆಯ ವೈದ್ಯರಿಗೆ: ರೋಗಿಯ ಬಾಯಿಯೊಳಗೆ ಅವನದೇ ಮೂರು ಬೆರಳು ಉದ್ದುದ್ದವಾಗಿ ಹೋಗುತ್ತವೆಯೆ ನೋಡಿರಿ. ಬೆಳಿಗ್ಗೆ ದವಡೆ ನೋಯುತ್ತದೆಯೆ ಕೇಳಿರಿ. ವರದಿಯಲ್ಲಿ ದವಡೆಗೆ ಒಂದು ಸಾಲು ಕೊಡಿರಿ.

ತಾಯಿತಂದೆಯರಿಗೆ: ಮಗು ಗದ್ದ ಊರಿ ಬಿದ್ದರೆ ಗಾಯ ಮಾಯ್ದ ಮೇಲೂ ತಿಂಗಳುಗಟ್ಟಲೆ ಬಾಯಿ ತೆರೆಸಿ ನೋಡುತ್ತಿರಿ. ತೆರೆಯುವುದು ಕಡಿಮೆಯಾದರೆ ಒಂದು ದಿನವೂ ಕಾಯಬೇಡಿ.

ಇನ್ನು ನಮ್ಮ ಸಂಘಕ್ಕೆ. ಆರೋಗ್ಯ ಶಿಬಿರ ನಡೆಸಿದಾಗ ರಕ್ತದೊತ್ತಡಕ್ಕೆ ಒಂದು ಮೇಜು, ಸಕ್ಕರೆಗೆ ಒಂದು ಮೇಜು, ಕಣ್ಣಿಗೆ, ಹಲ್ಲಿಗೆ ಒಂದೊಂದು ಮೇಜು ಹಾಕುತ್ತೇವೆ. ಮುಂದಿನ ಶಿಬಿರದಲ್ಲಿ ಹಲ್ಲಿನ ವೈದ್ಯರನ್ನೂ ಶ್ವಾಸಕೋಶದ ವೈದ್ಯರನ್ನೂ ಒಂದೇ ಮೇಜಿನ ಹಿಂದೆ ಕೂರಿಸೋಣ. ರೋಗಿಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಡೋಣ. ಅದು ಮನೆಯವರಿಗೆ. ರಾತ್ರಿಯ ಸಾಕ್ಷಿ ಅವರೊಬ್ಬರೇ. ಅವರ ಹೇಳಿಕೆಯಿಲ್ಲದೆ ಈ ಮೊಕದ್ದಮೆ ನಡೆಯುವುದಿಲ್ಲ.

ಹಾಸ್ಯ ಸಂಜೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಪ್ರಹಸನವೂ ನಡೆಯಲಿ. ಆದರೆ ಗೊರಕೆಯ ಸದ್ದು ಥಟ್ಟನೆ ನಿಂತು ಸಭಾಂಗಣ ನಗಲು ಅಣಿಯಾದಾಗ, ವಾಚಕ ಮಿತ್ರರೇ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಲು ತೊಡಗಿರಿ. ಹತ್ತು ದಾಟಿದರೆ ನಗೆ ತಾನಾಗಿಯೇ ನಿಲ್ಲುತ್ತದೆ. ಆ ರಾತ್ರಿ ನಿಮ್ಮ ಮನೆಯಲ್ಲಿಯೂ, ಪಕ್ಕದಲ್ಲಿ ಮಲಗಿದವರ ಉಸಿರಿಗೆ ಕಿವಿಗೊಟ್ಟು, ಅದೇ ಲೆಕ್ಕವನ್ನು ಒಮ್ಮೆ ಮಾಡಿ ನೋಡಿರಿ.